ಎಲ್ಲಿದ್ದೀಯಾ?

ಟಿಟ್ಟಿಭ ಹಕ್ಕಿಯೊಂದು ಮರಿಯನ್ನು ಮೊಲ ಟೀಚರ್ ಶಾಲೆಗೆ ಬಿಡುವಾಗ ಅದರ ರೆಕ್ಕೆಯೊಳಗೆ ಜೀರುಂಡೆಯೊಂದನ್ನು ಸಿಕ್ಕಿಸಿತು. ತಾಯಿ ಎಲ್ಲಿಂದ ಮಾತಾಡಿದರೂ ಆ ಜೀರುಂಡೆ ಮರಿಗೆ ಮುಟ್ಟಿಸುತ್ತಿತ್ತು, ಮರಿಯ ಉತ್ತರವನ್ನು ತಾಯಿಗೆ.

"ತಾಯೀ, ನಾನು ಕಲಿಸುವುದೇ ಹುಲ್ಲಿನಲ್ಲಿ ಸದ್ದಿಲ್ಲದೆ ಅಡಗುವುದನ್ನು. ಇದನ್ನು ಮನೆಗೆ ಒಯ್ಯಿರಿ," ಎಂದರು ಟೀಚರ್.

"ನಿಮಗೇನು ಟೀಚರೇ! ಸಂಜೆಯವರೆಗೆ ಜೀವ ಕೈಯಲ್ಲಿ ಹಿಡಿದು ಕೂರುವವಳು ನಾನು. ಏನಾದರೂ ಆದರೆ?"

ಟೀಚರ್ ಸೋತರು.

ಮಧ್ಯಾಹ್ನ ಮುಂಗುಸಿ ಬಂತು. ಟೀಚರ್ ಕಾಲು ಕುಟ್ಟಿದ್ದೇ ತಡ, ಮರಿಗಳೆಲ್ಲ ಹುಲ್ಲಿನಲ್ಲಿ ಕಲ್ಲಾದವು. ಮುಂಗುಸಿ ಮೂಸಿತು, ಸುತ್ತಿತು, ಏನೂ ಸಿಗದೆ ಹೊರಡಲು ತಿರುಗಿತು. ಅಷ್ಟರಲ್ಲಿ ದೂರದ ಕೆರೆಯಂಗಳದಲ್ಲಿದ್ದ ತಾಯಿಗೆ ಕಾಗೆಯಿಂದ ಸುದ್ದಿ ಸಿಕ್ಕಿತು. ಜೀರುಂಡೆ ಕಿರುಚಿತು: "ಎಲ್ಲಿದ್ದೀಯಾ ಪುಟ್ಟಾ? ಎಲ್ಲಿದ್ದೀಯಾ?"

ಮರಿ ಉಸಿರು ಬಿಗಿಹಿಡಿಯಿತು.

"ಮಾತಾಡೋ! ನನ್ನ ಪ್ರಾಣ ಹೋಗ್ತಿದೆ!"

ಅಮ್ಮ ಅತ್ತರೆ ಯಾವ ಮರಿ ತಡೆದುಕೊಂಡೀತು? "ಇಲ್ಲೇ ಇದ್ದೀನಮ್ಮ, ಹೆದರಬೇಡ," ಎಂದಿತು, ಆದಷ್ಟೂ ಮೆಲ್ಲಗೆ.

"ಅಬ್ಬಾ! ಈಗ ನೆಮ್ಮದಿಯಾಯ್ತು," ಎಂದಿತು ತಾಯಿ.

"ನನಗೂ," ಎಂದಿತು ಮುಂಗುಸಿ.