ಅಮ್ಮನ ವೀಣೆಯ ಕಂಚು

ಕಪಿಲೆಯ ದಡದಲ್ಲಿ, ಜೊಂಡುಹುಲ್ಲಿನ ಮಾಡಿನ ಕೆಳಗೆ ಪೂಜ್ಯ ಗಂಗಾಧರಾರ್ಯರು ನೆಲೆಸಿದ್ದ ಕಾಲವದು. ಹುಟ್ಟಿದ್ದು ಕಂಚುಗಾರರ ಮನೆಯಲ್ಲಿ. ಕಾವಿ ಉಟ್ಟ ಮೇಲೂ ಕುಲುಮೆ ಬಿಡಲಿಲ್ಲ. ಸನ್ಯಾಸಿಗೆ ಬೆಂಕಿಯ ಸಹವಾಸವೇಕೆಂದು ಊರ ಪಂಡಿತರು ಮೂಗು ಮುರಿಯುತ್ತಿದ್ದರು. ತಮ್ಮ ಮನೆಯ ಪೂಜೆಯ ಗಂಟೆ ಒಡೆದಾಗ ಮಾತ್ರ ಅದೇ ಮೂಗನ್ನು ನೆಟ್ಟಗೆ ಮಾಡಿಕೊಂಡು ಬರುತ್ತಿದ್ದರು. ಶ್ರೀಗಳು ನಕ್ಕು ತಿದಿ ಒತ್ತುತ್ತಿದ್ದರು. ಅಲ್ಲಿ ಒಂದೇ ಕಟ್ಟಳೆ: ಒಡೆದದ್ದನ್ನು ತಂದವರೇ ಅದನ್ನು ಲೋಹ ಕರಗಿಸುವ ಮೂಸೆಗೆ ಹಾಕಬೇಕು.

ಒಂದು ಮಧ್ಯಾಹ್ನ ಪದ್ಮಾಸನಿ ಎಂಬ ಗೃಹಿಣಿ ತೀರಿಹೋದ ತಾಯಿಯ ವೀಣೆಯನ್ನು ಗಾಡಿಯಿಂದ ಇಳಿಸಿದರು. ತಂತಿಗಳನ್ನು ಹೊರುವ ಕುದುರೆಯ ಮೇಲಿನ ಕಂಚಿನ ಹಲಗೆ ಬಿರುಕು ಬಿಟ್ಟು ವೀಣೆ ಮೂಕವಾಗಿತ್ತು. ಬೆಸುಗೆ ನಿಂತಿರಲಿಲ್ಲ. ಹೊಸದು ಹಾಕಿಸಿ ಎಂದ ಮೈಸೂರಿನ ಕೆಲಸಗಾರರ ಮೇಲೆ ಆಕೆಗೆ ಇನ್ನಿಲ್ಲದ ಮುನಿಸು.

“ಈ ಗೀರು ನೋಡಿ ಸ್ವಾಮಿ. ಅಮ್ಮ ನುಡಿಸೀ ನುಡಿಸೀ ತಂತಿ ಕೊರೆದದ್ದು. ಇದನ್ನ ಎಸೀರಿ ಅಂತಾರೆ! ನಂಗೆ ಅಮ್ಮನ ನಾದಾನೇ ಬೇಕು. ಸಾಯೋದ್ರೊಳಗೆ ಒಂದು ಸಲ ಕೇಳಿದ್ರೆ ಸಾಕು.”

ಶ್ರೀಗಳು ಹಲಗೆಯನ್ನು ಹೆಬ್ಬೆರಳಿನಿಂದ ಸವರಿದರು.

“ಉತ್ಸವಮೂರ್ತಿ ಭಿನ್ನವಾದ್ರೆ ಏನು ಮಾಡ್ತಾರೆ ತಾಯಿ?”

“ಕರಗಿಸಿ, ಅದೇ ಲೋಹ ಸೇರಿಸಿ ಮತ್ತೆ ಎರಕ ಹುಯ್ಸ್ತಾರೆ.”

“ದೇವರು ಹೊರಟುಹೋದನೇ?”

ಶ್ರೀಗಳು ಮೂಸೆಯತ್ತ ಕೈ ತೋರಿದರು. ಹಲಗೆಯನ್ನು ಎದೆಗವಚಿಕೊಂಡು ಆಕೆ ನಿಂತೇ ನಿಂತರು. ಕೊನೆಗೆ ಕಣ್ಣು ಮುಚ್ಚಿ ಅದನ್ನು ಮೂಸೆಗೆ ಹಾಕಿದರು. ಕಣ್ಣು ತೆರೆಯುವಷ್ಟರಲ್ಲಿ ತಾಯಿಯ ಗೀರುಗಳು ಕರಗಿ ಹೋಗಿದ್ದವು.

ಹೊಸ ಎರಕವನ್ನು ಶ್ರೀಗಳೇ ಉಜ್ಜಿ, ಅರಗಿನಿಂದ ಕೂರಿಸಿ, ತಂತಿ ಬಿಗಿದರು. ಕೆಲವು ದಿನ ಬಿಟ್ಟು ಬಂದ ಪದ್ಮಾಸನಿಯವರು ಮೀಟಿದಾಗ ನಾದ ತುಂಬಿ ಬಂತು. ಆಕೆ ಕೈ ಹಿಂದೆಗೆದು ಬಿಕ್ಕಿದರು.

“ಚೆನ್ನಾಗಿದೆ ಸ್ವಾಮಿ. ಆದ್ರೆ ಅಮ್ಮನದಲ್ಲ.”

“ಈ ವೀಣೆ ಅವರಿಗೆ ಯಾರು ಕೊಟ್ಟದ್ದು?”

“ಅವರಮ್ಮ.”

“ಅವರಮ್ಮನ ನಾದ ಅವರಿಗೆ ಬಂದಿತ್ತೇ?”

ಆಗ ಪದ್ಮಾಸನಿಯವರಿಗೆ ನೆನಪಾಯಿತು. ದೀಪ ಹಚ್ಚುವ ಹೊತ್ತಿನಲ್ಲಿ ನುಡಿಸುತ್ತಾ ನುಡಿಸುತ್ತಾ ಅಮ್ಮ ಅರ್ಧಕ್ಕೇ ನಿಲ್ಲಿಸಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. “ನಮ್ಮಮ್ಮನ ಕೈ ನಂಗೆ ಬರಲೇ ಇಲ್ಲ ಕಣೇ” ಎಂದು ಮತ್ತೆ ತಂತಿಗೆ ಕೈಯಿಡುತ್ತಿದ್ದರು.

“ನೀವು ಕೇಳಿ ಬೆಳೆದದ್ದು ಆ ಹಂಬಲವನ್ನೇ, ತಾಯಿ,” ಎಂದರು ಶ್ರೀಗಳು. “ಅದು ನಿಮ್ಮಲ್ಲೂ ಇದೆ. ನುಡಿಸಿ.”

ಅಳುತ್ತಲೇ ನುಡಿಸಿದರು. ಬೆರಳು ತಡವರಿಸಿತು, ನಿಲ್ಲಿಸಲಿಲ್ಲ. ತಿದಿ ಬದಿಗಿಟ್ಟು ಶ್ರೀಗಳು ಕಣ್ಮುಚ್ಚಿ ಕುಳಿತರು.

ಅಂದಿನಿಂದ ಆ ಮನೆಯಲ್ಲಿ ವೀಣೆ ನುಡಿಯದ ಸಂಜೆಯಿಲ್ಲ. ಈಗ ಆ ಕಂಚಿನ ಮೇಲೂ ಗೀರು ಬಿದ್ದಿದೆ. ಉಜ್ಜಿ ನಯ ಮಾಡಿಸೋಣವೆಂದು ಯಾರಾದರೂ ಅಂದರೆ, ಪದ್ಮಾಸನಿಯವರ ಮಗಳು ಅಡ್ಡ ಬಂದು ನಿಲ್ಲುತ್ತಾಳೆ: “ಮುಟ್ಟಬೇಡಿ, ಅದು ನಮ್ಮಮ್ಮನದು.”