ಬೆರಳ ಸಂದಿಯವರು

ಲೋಕ ಆಗಷ್ಟೇ ಹುಟ್ಟಿತ್ತು ಕಣೇ ಪುಟ್ಟಿ, ನೆಲದ ಮಣ್ಣು ಇನ್ನೂ ಒಣಗಿರಲಿಲ್ಲ. ಆಗ ಮನುಷ್ಯರಿಗೆ ಬೆರಳೇ ಇರಲಿಲ್ಲ. ನಗಬೇಡ! ಇಷ್ಟಗಲದ ಅಂಗೈ, ದೋಣಿಯ ಹುಟ್ಟಿನ ಹಾಗೆ. ಅಷ್ಟೇ.

ಹೊಳೆಯ ದಂಡೆಯಲ್ಲಿ ಬೊಮ್ಮವ್ವ ಅಂತ ಒಬ್ಬಳು ಬಿದಿರಿನ ಬುಟ್ಟಿ ಹೆಣೆಯುತ್ತಿದ್ದಳು. ಬೆರಳಿಲ್ಲದೆ ಹೇಗೆ ಅಂತೀಯಾ? ಹಲ್ಲಿನಿಂದ! ಬಿದಿರ ಸೀಳನ್ನು ಹಲ್ಲಲ್ಲಿ ಕಚ್ಚಿ, ಅಂಗೈಯಲ್ಲಿ ಒತ್ತಿ ಹೆಣೆಯಬೇಕು. ತುಟಿ ತುಂಬ ಗಾಯ, ಪಾಪ.

ಅವಳ ಮೊದಲ ಮಗಳು ಹೊಳೆಗೆ ಬಿದ್ದಿದ್ದಳು. ಬೊಮ್ಮವ್ವ ಬಿದಿರ ಗಳ ಚಾಚಿದಳು. ಮಗು ಹಿಡಿಯಲು ನೋಡಿತು, ಹಿಡಿಯಲು ನೋಡಿತು, ಅಂಗೈ ಜಾರಿತು. ಹೊಳೆ ಒಯ್ದುಬಿಟ್ಟಿತು. ಈಗ ಬೊಮ್ಮವ್ವ ಮತ್ತೆ ಬಸುರಿ. "ಇದೂ ಜಾರಿ ಹೋದರೆ ನಾನು ಬದುಕಲಾರೆ" ಎಂದು ದಿನವೂ ಅಳುತ್ತಿದ್ದಳು.

ಒಂದು ಸಂಜೆ ಜರಡಿ ಹೆಣೆಯಲು ಕೂತಳು. ಮನಸ್ಸೆಲ್ಲೋ ಇತ್ತು ನೋಡು, ಅಭ್ಯಾಸಬಲದಿಂದ ಮೊರದ ಹಾಗೆ ಒತ್ತಾಗಿ ಹೆಣೆದುಬಿಟ್ಟಳು. ಹೊಳೆ ನಕ್ಕಿತು. ನಾಚಿಕೆ ಇಲ್ಲ ಅದಕ್ಕೆ!

"ಬೊಮ್ಮವ್ವಾ, ಇದರಲ್ಲಿ ಏನನ್ನ ಜರಡಿ ಹಿಡೀತೀಯೇ? ನಡುನಡುವಿನ ಸೀಳು ತೆಗಿ."

ಅವಳು ಒಂದು ಬಿಟ್ಟು ಒಂದು ಸೀಳನ್ನು ಹಲ್ಲಲ್ಲಿ ಎಳೆದು ತೆಗೆದಳು. ಸಂದಿಗಳು ಕಾಣಿಸಿದವು. ಬೊಮ್ಮವ್ವ ತನ್ನ ಅಂಗೈ ನೋಡಿಕೊಂಡಳು. ಹೊಟ್ಟೆ ಸವರಿ ಹೇಳಿದಳು: "ಕಂದಾ, ನಿನ್ನ ಕೈಯಲ್ಲಿರೋ ನಡುನಡುವಿನದನ್ನೂ ಹೀಗೇ ತೆಗೆದುಬಿಡು."

ಹೊಟ್ಟೆಯೊಳಗಿಂದ ಉತ್ತರ ಬಂತು. ಒಂದು ದನಿ ಅಲ್ಲ, ಸಾವಿರ ಸಣ್ಣ ದನಿ.

"ಯಾರನ್ನವ್ವಾ? ನಾವೆಲ್ಲ ಜೀವ ಇರುವವರೇ."

ಮಗು ಅಂದರೆ ಒಂದೇ ಜೀವ ಅಂದುಕೊಂಡಿದ್ದೀಯಾ ಪುಟ್ಟಿ? ಮೊದಲು ಒಬ್ಬರು. ಒಬ್ಬರು ಇಬ್ಬರಾಗಿ, ಇಬ್ಬರು ನಾಲ್ವರಾಗಿ, ಲೆಕ್ಕವಿಲ್ಲದಷ್ಟು ಸಣ್ಣವರು ಸೇರಿ ಒಂದು ಮಗು. ನಿಮ್ಮ ಶಾಲೆಯಲ್ಲಿ ಜೀವಕೋಶ ಅಂತಾರಲ್ಲ, ಅವರೇ. ಒಬ್ಬೊಬ್ಬರ ಒಳಗೂ ಒಂದು ದಾರ. ಯಾರು ಕಣ್ಣಾಗಬೇಕು, ಯಾರು ಮೂಳೆಯಾಗಬೇಕು, ಎಲ್ಲ ಆ ದಾರದ ಗಂಟುಗಳಲ್ಲಿ ಇರುತ್ತದೆ.

"ಸಂದಿಯವರು ಹೋಗಬೇಕು" ಎಂದಳು ಬೊಮ್ಮವ್ವ.

"ಎಲ್ಲಿಗೆ?"

ಅವಳು ತಾನು ಕಿತ್ತು ಹಾಕಿದ ಬಿದಿರ ಸೀಳುಗಳ ಕಡೆ ನೋಡಿದಳು.

"ಸಾಯಬೇಕಾ ಅವ್ವಾ? ನಾವೂ ನಿನ್ನ ಮಕ್ಕಳೇ ಅಲ್ಲವಾ?"

ಅಯ್ಯೋ, ತಾಯಿಗೆ ಕೇಳುವ ಮಾತಾ ಇದು! ಬೊಮ್ಮವ್ವ ಬಿಕ್ಕಿ ಬಿಕ್ಕಿ ಅತ್ತಳು. ಜಾರಿಹೋದ ಮಗಳ ಕತೆ ಹೇಳಿದಳು.

ಆಮೇಲೆ ಸಂದಿಯವರೊಬ್ಬರು ಮೆಲ್ಲಗೆ ಹೇಳಿದರು: "ಹಾಗಾದರೆ ಹೋಗುತ್ತೇವೆ. ಆದರೆ ನಮ್ಮನ್ನು ಚೆಲ್ಲಬೇಡ. ಅಕ್ಕಪಕ್ಕದವರು ನಮ್ಮನ್ನು ತಿನ್ನಲಿ. ನಾವು ಬೆರಳೊಳಗೇ ಇರುತ್ತೇವೆ."

ಚಿಟ್. ಚಿಟ್. ಚಿಟ್. ಒಣ ಬಿದಿರು ಸಿಡಿದ ಹಾಗೆ ಸದ್ದು. ಬೊಮ್ಮವ್ವ ಕಿವಿ ಮುಚ್ಚಿಕೊಂಡಳು. ಸದ್ದು ನಿಲ್ಲಲಿಲ್ಲ, ಅದು ಅವಳೊಳಗೇ ಇತ್ತಲ್ಲ. ಕತ್ತಲಾಗುವ ಹೊತ್ತಿಗೆ ಎಲ್ಲ ಸುಮ್ಮನಾಯಿತು.

ದಡದಲ್ಲಿ ಕಾವು ಕೂತಿದ್ದ ಬಾತುಕೋಳಿ ಇದನ್ನೆಲ್ಲ ಕೇಳಿ ಹೆದರಿಬಿಟ್ಟಿತು. "ನೀವ್ಯಾರೂ ಹೋಗಬೇಡಿ, ಇದ್ದಲ್ಲೇ ಇರಿ" ಎಂದು ಮೊಟ್ಟೆಗಳಿಗೆ ಹೇಳಿತು. ಅದಕ್ಕೇ ಬಾತುಕೋಳಿಯ ಕಾಲ್ಬೆರಳು ಇಂದಿಗೂ ಅಂಟಿಕೊಂಡಿವೆ.

ಬೊಮ್ಮವ್ವನ ಮಗು ಹುಟ್ಟಿತು. ಹತ್ತು ಬೆರಳು! ಹುಟ್ಟಿದ್ದೇ ತಡ, ಅವ್ವನ ಕೂದಲು ಗಟ್ಟಿಯಾಗಿ ಹಿಡಿದದ್ದು ಬಿಡಲೇ ಇಲ್ಲ. "ಹಿಡಿದುಕೋ ಕಂದಾ, ಹಿಡಿದುಕೋ" ಎಂದು ಅವಳು ನಕ್ಕಳು, ಅತ್ತಳು.

ಸಂದಿಯವರು ಹೋಗಬೇಕು ಅಂತ ಅವಳು ಅಂದು ಆಡಿದ ಮಾತು ದಾರದಲ್ಲಿ ಒಂದು ಹೊಸ ಗಂಟಾಗಿ ಉಳಿಯಿತು. ಆ ಮಗುವಿನಿಂದ ಅದರ ಮಗುವಿಗೆ, ಹೀಗೇ ಬಂದು ಬಂದು ನಿನ್ನ ಅಪ್ಪ ಅವ್ವನಿಗೆ, ಅವರಿಂದ ನಿನಗೆ. ಈಗ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ನೀನು ಹೊಟ್ಟೆಯಲ್ಲಿದ್ದಾಗಲೂ ಸಂದಿಯವರು ಸದ್ದಿಲ್ಲದೆ ಹೋದರು.

ಎಲ್ಲಿ, ಕೈ ಅಗಲಿಸಿ ದೀಪಕ್ಕೆ ಹಿಡಿ. ಬೆರಳುಗಳ ಬುಡದಲ್ಲಿ ತೆಳ್ಳಗೆ, ಕೆಂಪಗೆ ಒಂದಿಷ್ಟು ಚರ್ಮ ಕಾಣುತ್ತದಲ್ಲ, ಅದು ನಿನ್ನನ್ನು ಬಿಟ್ಟು ಹೋಗಲು ಮನಸ್ಸಾಗದೆ ನಿಂತುಬಿಟ್ಟವರು.