ಬೈರಿಗೆ ಕೋಡಿ

ಕುಂದಾಪುರದಿಂದ ಬಡಗಣಕ್ಕೆ ಹೋಗುವ ಹೆದ್ದಾರಿಯನ್ನು ಬಿಟ್ಟು ಪಡುವಣಕ್ಕೆ ತಿರುಗಿದರೆ ಗೇರುಹಾಡಿಯ ನಡುವಿನ ಕೆಂಪು ದಾರಿಯೊಂದು ಸೀತಾಳಿ ಹೊಳೆಯ ದಂಡೆಗೆ ಮುಟ್ಟಿಸುತ್ತದೆ. ಈ ಹೊಳೆಗೆ ಕಡಲು ಕೈಗೆಟುಕುವಷ್ಟು ಹತ್ತಿರವಿದ್ದರೂ ನೇರವಾಗಿ ಹೋಗಿ ಸೇರುವ ಮನಸ್ಸಿಲ್ಲ; ತೆಂಕಣಕ್ಕೆ ಹೊರಳಿ, ದಡದುದ್ದಕ್ಕೂ ಸುಮಾರು ದೂರ ಸಾಗಿ, ಆಮೇಲಷ್ಟೇ ಅಳಿವೆಗೆ ಇಳಿಯುತ್ತದೆ. ಹೊಳೆಗೂ ಕಡಲಿಗೂ ನಡುವೆ ನಾಲಿಗೆಯಂತೆ ಚಾಚಿದ ಆ ಮರಳಿನ ಪಟ್ಟಿಗೆ ಬೈರಿಗೆ ಕೋಡಿ ಎಂದು ಹೆಸರು. ಈಗ ಅಲ್ಲಿ ಒಂದು ಮಂಜುಗಡ್ಡೆಯ ಕಾರ್ಖಾನೆ ಇದೆ, ಬಲೆ ಒಣಗಿಸುವ ಬಯಲಿದೆ, ಸೂರ್ಯ ಮುಳುಗುವುದನ್ನು ನೋಡಲು ಬರುವವರಿಗಾಗಿ ಚುರುಮುರಿ ಗಾಡಿಯೂ ಇದೆ. ಬೈರಿಗೆಯೆಂದರೆ ಬಡಗಿಗಳು ಮರಕ್ಕೆ ತೂತು ಕೊರೆಯುವ ಉಪಕರಣ. ಆಷಾಢದ ನೆರೆ ಮರಳನ್ನು ಬೈರಿಗೆಯಂತೆ ಕೊರೆಯುವುದರಿಂದ ಈ ಹೆಸರು ಬಂತೆಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಆಚಾರಿಕೇರಿಯ ಹಿರಿಯರು ಅದಕ್ಕೆ ತಲೆಯಾಡಿಸುವುದಿಲ್ಲ. ಕೊರೆದದ್ದು ನೆರೆಯಲ್ಲ, ಮನುಷ್ಯ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಕರಾವಳಿಯ ಅಕ್ಕಿ ಹಾಯಿಹಡಗು ಏರಿ ಮಸ್ಕತ್ತಿನವರೆಗೆ ಹೋಗುತ್ತಿದ್ದ ಕಾಲದಲ್ಲಿ, ಇಲ್ಲಿ ಮಾಬ್ಲ ಆಚಾರಿ ಎಂಬ ಹಡಗುಬಡಗಿಯಿದ್ದ. ಸರಕು ಹೇರುವ ದೊಡ್ಡ ಹಾಯಿಹಡಗಿಗೆ ಇಲ್ಲಿಯವರು ಮಂಜಿ ಎನ್ನುತ್ತಾರೆ. ಅಜ್ಜನ ಕಾಲದಿಂದ ಮಂಜಿ ಕಟ್ಟುತ್ತಿದ್ದ ಮನೆ ಅವನದು. ಅವನು ಹಲಗೆಗೆ ಅಂಗೈ ಇಟ್ಟು ಸರಿ ಎಂದರೆ ಸರಿ. ಅದರ ಮೇಲೆ ಮಾತಿರಲಿಲ್ಲ. ಹೊಸ ಮಂಜಿ ಮೊದಲ ಸಲ ಹೊರಡುವ ದಿನ ಅದನ್ನು ನಡೆಸುವ ತಾಂಡೇಲ ಮಾಬ್ಲನ ಕೈಯಿಂದಲೇ ತೆಂಗಿನಕಾಯಿ ಪಡೆದು ಹಡಗು ಹತ್ತುವುದು ವಾಡಿಕೆ. ಊರಿನ ಧನಿ ರಾಮ ಪಡಿಯಾರರು ಈ ದಡ ಕಂಡಿರದಷ್ಟು ದೊಡ್ಡದೊಂದು ಮಂಜಿ ಕಟ್ಟಿಸುವ ಆಸೆ ಹೊತ್ತು, ಮಾಬ್ಲನಿಗೇ ಆ ಕೆಲಸವೆಂದು ವೀಳ್ಯ ಕೊಟ್ಟಿದ್ದರು. ಅವನು ಮಳೆಗಾಲವಿಡೀ ಮನಸ್ಸಿನಲ್ಲೇ ಆ ಹಡಗನ್ನು ಕಟ್ಟುತ್ತ, ಕಳಚುತ್ತ, ಮತ್ತೆ ಕಟ್ಟುತ್ತ ಕುಳಿತಿದ್ದ.

ಆ ಮಳೆಗಾಲದ ಕೊನೆಯಲ್ಲಿ ಹೊರಬಂಡೆಗೆ ಬಡಿದು ಒಂದು ಪರದೇಶಿ ಹಡಗು ಒಡೆಯಿತು. ಜಟ್ಟಿ ಖಾರ್ವಿ ಎಂಬ ತಾಂಡೇಲ ತೆರೆಗಳ ನಡುವೆ ದೋಣಿ ನುಗ್ಗಿಸಿ, ಹಲಗೆಗೆ ಜೋತುಬಿದ್ದಿದ್ದ ನರೆಗಡ್ಡದ ಒಬ್ಬ ಬಿಳಿಯನನ್ನು ಎತ್ತಿ ತಂದ. ಪಡಿಯಾರರ ಉಗ್ರಾಣದ ಜಗಲಿಯಲ್ಲಿ ಗಂಜಿ ಕುಡಿದು ಅವನು ಚೇತರಿಸಿಕೊಂಡ. ಪಾವೆಲ್ ಎಂದು ಹೆಸರು ಹೇಳಿದ. ಊರವರ ಬಾಯಲ್ಲಿ ಅದು ಪಾವಲ ಆಯಿತು. ಪಡಿಯಾರರು ವ್ಯಾಪಾರಕ್ಕೆಂದು ಕಲಿತ ನಾಲ್ಕು ಭಾಷೆಗಳ ಚೂರುಪಾರು ಮಾತಿನಲ್ಲಿ ಕೇಳಿ ಕೇಳಿ ಅವನ ಕಥೆ ತಿಳಿದುಕೊಂಡರು. ಅವನು ರುಷ್ಯಾ ದೇಶದವನು. ಕರಿಸಮುದ್ರದ ದಡದಲ್ಲಿ ಹಲಗೆಸಂದಿಗೆ ನಾರು ತುರುಕುವ ಕೂಲಿಯ ಮಗನಾಗಿ ಹುಟ್ಟಿ, ಬಾಚಿ ಹಿಡಿದು ಮೇಲೇರಿ, ಕೊನೆಗೆ ಚಕ್ರವರ್ತಿಯ ಯುದ್ಧಹಡಗುಗಳನ್ನೇ ಕಟ್ಟಿಸಿದವನು. ಅವನ ಹಡಗುಗಳಿಗೆ ಮೂರು ಮಹಡಿ. ಪ್ರತಿ ಮಹಡಿಯಲ್ಲೂ ಸಾಲು ಸಾಲು ಫಿರಂಗಿ. ಒಂದು ಹಡಗನ್ನು ನೀರಿಗಿಳಿಸಿದ ದಿನ ಚಕ್ರವರ್ತಿಯೇ ಬಂದು ಅವನ ಎದೆಗೆ ಪದಕ ಚುಚ್ಚಿದ್ದನಂತೆ. ಇಷ್ಟೆಲ್ಲ ಇದ್ದವನು ಸರಕಿನ ಹಡಗಿನಲ್ಲಿ ಬಡಗಿಯಾಗಿ ಊರೂರು ಅಲೆಯುವುದೇಕೆ ಎಂದು ಕೇಳಿದರೆ ಮಾತ್ರ ಅವನು ಕಡಲಿನ ಕಡೆ ಮುಖ ತಿರುಗಿಸಿ ಕುಳಿತುಬಿಡುತ್ತಿದ್ದ.

ಮೊದಮೊದಲು ಮಾಬ್ಲನಿಗೆ ಅವನ ಮೇಲೆ ಕನಿಕರವೇ ಇತ್ತು. ಪಾವಲ ಒಡೆದ ಹಡಗಿನ ಮರ ಆಯ್ದು, ಮರಳಿನ ಮೇಲೆ ಹಗ್ಗ ಎಳೆದು ಆಕಾರ ಬರೆದು, ಒಂದು ದೋಣಿ ಕಟ್ಟಿದ. ಅಳಿವೆಯಲ್ಲಿ ಅದು ಊರಿನ ಎಲ್ಲ ದೋಣಿಗಳನ್ನೂ ಹಿಂದೆ ಹಾಕಿ ಓಡಿತು. ಕನಿಕರ ಅಂದಿಗೆ ಮುಗಿಯಿತು. ಕೆಲದಿನಗಳಲ್ಲೇ ಪಡಿಯಾರರು ಮಾಬ್ಲನನ್ನು ಕರೆಸಿದರು. “ಮಾಬ್ಲಾ, ನೀನು ಕಟ್ಟಿದ ಮಂಜಿಗಳ ಮೇಲೆಯೇ ನನ್ನ ಮನೆ ನಿಂತದ್ದು. ಆದರೆ ದೊಡ್ಡದೊಂದನ್ನು ಅವನು ಕಟ್ಟಲಿ. ಅಂಥ ಕೈ ಈ ದಡಕ್ಕೆ ಮತ್ತೆ ಬರುವುದಿಲ್ಲ. ನೀನೂ ಜೊತೆಗಿರು,” ಎಂದರು. ಮಾಬ್ಲ “ಆಯ್ತು ಒಡೆಯರೇ” ಎಂದ. ಮನೆಗೆ ಬಂದು ಬಾವಿಕಟ್ಟೆಯಲ್ಲಿ ಕುಳಿತವನು ದೀಪ ಹಚ್ಚುವವರೆಗೂ ಏಳಲಿಲ್ಲ.

ಹಡಗಿನ ಕೆಲಸ ಕೋಡಿಯ ಮರಳಿನ ಮೇಲೆ ನಡೆಯಿತು. ಮಾಬ್ಲ ಜೊತೆಗಿದ್ದ, ಕೈ ಕೆಲಸ ಮಾಡುತ್ತಿತ್ತು, ಕಣ್ಣು ತಪ್ಪು ಹುಡುಕುತ್ತಿತ್ತು. ತಪ್ಪು ಸಿಕ್ಕಿದ್ದರೆ ಅವನಿಗೆ ರಾತ್ರಿ ನಿದ್ದೆ ಬರುತ್ತಿತ್ತೋ ಏನೋ. ಸಿಗಲಿಲ್ಲ. ಪಕ್ಕೆಮರಗಳು ಏಳುತ್ತ ಹೋದಂತೆ ಆ ಹಡಗು ತಾನು ಮನಸ್ಸಿನಲ್ಲಿ ಕಟ್ಟಿದ್ದಕ್ಕಿಂತ ಚೆಂದವಾಗಿದೆ ಎಂಬುದು ಊರಲ್ಲಿ ಎಲ್ಲರಿಗಿಂತ ಮೊದಲು ಅವನಿಗೇ ತಿಳಿಯಿತು; ತಿಳಿಯದ ಮೂಢನಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಪಾವಲನೋ ಪ್ರತಿ ಸಂಜೆ ಮಾಬ್ಲನ ಮರಗೆಲಸದ ಕೊಟ್ಟಿಗೆಗೆ ಬಂದು, ಅವನು ಹಿಂದೆ ಮಾಡಿಟ್ಟ ಚುಕ್ಕಾಣಿ, ಹುಟ್ಟುಗಳನ್ನು ಸವರಿ “ಚೆಂದ, ಚೆಂದ” ಎನ್ನುತ್ತಿದ್ದ. ಆ ಮೆಚ್ಚುಗೆಯನ್ನು ಮಾಬ್ಲ ಭಿಕ್ಷೆಯೆಂದು ತಿಳಿದ. ಆಮೇಲೊಂದು ದಿನ ಅವನ ಸ್ವಂತ ತಮ್ಮನೇ ಹಡಗಿನ ಮೇಲಿಂದ ಕೆಳಗೆ ಕೂಗಿದ: “ಪಾವಲಾಚಾರ್ರೇ, ಈ ಹಲಗಿ ಎಲ್ಲಿಗೆ?” ಅಜ್ಜ, ಅಪ್ಪ, ತಾನು ಬೆವರು ಸುರಿಸಿ ಉಳಿಸಿಕೊಂಡ ಆಚಾರಿಯೆಂಬ ಹೆಸರನ್ನು ಕಡಲು ಉಗುಳಿದ ಪರದೇಶಿಗೆ ಹೀಗೆ ಎತ್ತಿ ಕೊಟ್ಟುಬಿಟ್ಟರಲ್ಲ! ಅಂದು ಅವನು ಬಟ್ಟಲ ಮುಂದೆ ಕುಳಿತು ಕೋಡಿಯ ಕಡೆಗೇ ಕಿವಿಗೊಟ್ಟಿದ್ದ. ಹೆಂಡತಿ ದುಗ್ಗಮ್ಮ ಕಂಡು ಕಂಡು ಸಾಕಾಗಿ, “ಹ್ವಾಯ್, ಅನ್ನ ತಣ್ದ್ ಹೋಯ್ತ್. ಆ ಬಾಚಿ ಸದ್ದ್ ಕೇಂತಾ ಕೂಕಂಡ್ರೆ ಹೊಟ್ಟಿ ತುಂಬತ್ತಾ?” ಎಂದಳು. ಅವನು ಬಟ್ಟಲನ್ನು ಸರಿಸಿ ಎದ್ದುಹೋದ.

ಹಡಗನ್ನು ನೀರಿಗೆ ಎಳೆಯುವುದಕ್ಕೆ ಮುಂಚಿನ ದಿನ, ಎಲ್ಲರೂ ಊಟಕ್ಕೆ ಹೋದ ಮಧ್ಯಾಹ್ನದ ಹೊತ್ತಿನಲ್ಲಿ, ಮಾಬ್ಲ ಬೈರಿಗೆ ಹಿಡಿದು ಹಡಗಿನ ಅಡಿಗೆ ನುಸುಳಿದ. ಅಡಿಮರದ ಪಕ್ಕದ ಹಲಗೆಗೆ ಕಿರುಬೆರಳು ಹೋಗುವಷ್ಟು ತೂತು ಕೊರೆದು, ಮೇಣಕ್ಕೆ ಮರದ ಹೊಟ್ಟು ಕಲಸಿ ತುಂಬಿ, ಮೇಲೆ ಮೀನೆಣ್ಣೆ ಒರೆಸಿದ. ಯಾರೂ ಸಾಯಲಿ ಎಂದು ಅವನು ಬಯಸಿರಲಿಲ್ಲ. ನೀರಿಗಿಳಿದ ಮರುದಿನವೇ ಮೇಣ ಬಿಟ್ಟು, ಹಡಗು ಹೊಳೆಯಲ್ಲೇ ನೀರು ಕುಡಿದು ಕೂರಲಿ, ಊರು ನಗಲಿ, ಪಾವಲಾಚಾರಿ ಬರಿಯ ಪಾವಲನಾಗಲಿ ಎಂಬಷ್ಟೇ ಅವನ ಲೆಕ್ಕ. ಆದರೆ ಮಾಬ್ಲ ಆಚಾರಿಯ ಕೈಯಿಂದ ಕಳಪೆ ಕೆಲಸ ಆಗುವುದಾದರೂ ಹೇಗೆ? ಮೇಣ ಬಿಡಲಿಲ್ಲ. ವೆಂಕಟಲಕ್ಷ್ಮಿ ಎಂದು ಹೆಸರಿಟ್ಟ ಆ ಮಂಜಿ ಹೊಳೆಯಲ್ಲಿ ಹಂಸದಂತೆ ನಿಂತಿತು. ನೋಡಿದವರೆಲ್ಲ ಹೊಗಳಿದರು, ಅಕ್ಕಿಮೂಟೆ ಹೇರಿದರು. ಹೇರು ಏರಿದಂತೆ ಆ ತೂತು ಆಳಕ್ಕೆ ಇಳಿಯಿತು. ಮಾಬ್ಲ ದಿನವೂ ಹೋಗಿ ನೀರಿನ ಗೆರೆ ನೋಡಿ ಬರುತ್ತಿದ್ದ. ಮುಳುಗಲಿಲ್ಲವೆಂಬ ಸಂಕಟ, ಮುಳುಗೀತೆಂಬ ಭಯ, ಎರಡರಲ್ಲಿ ಯಾವುದು ಹೆಚ್ಚೆಂದು ಅವನಿಗೇ ತಿಳಿಯುತ್ತಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಜಟ್ಟಿ ಖಾರ್ವಿ ಅವನ ಅಂಗಳದಲ್ಲಿ ಬಂದು ನಿಂತ. ವೆಂಕಟಲಕ್ಷ್ಮಿಗೆ ಅವನೇ ತಾಂಡೇಲ. ಮಸ್ಕತ್ತಿನವರೆಗೆ ಪಾವಲನೂ ಅದರಲ್ಲೇ ಹೋಗುವವನಿದ್ದ.

“ಕಾಯಿಗೆ ಬಂದೆ ಆಚಾರ್ರೆ,” ಎಂದ ಜಟ್ಟಿ.

“ಕಟ್ಟಿದವನ ಹತ್ರ ಹೋಗು.”

“ಹಡ್ಗ ಯಾರೇ ಕಟ್ಲಿ. ಕಾಯಿ ನಿಮ್ಮ ಕೈಯಿಂದ್ಲೇ ಬರ್ಕ್. ಕಟ್ಟಿದವರೂ ಹಾಂಗೇ ಹೇಳಿರ್.”

ಮಾಬ್ಲ ಒಳಗೆ ಹೋಗಿ ಕಾಯಿ ತಂದು ಕೊಟ್ಟ. ಜಟ್ಟಿ ಅದನ್ನು ಕಣ್ಣಿಗೊತ್ತಿಕೊಂಡು ನಡೆದ. ಹೊಸ್ತಿಲಲ್ಲಿ ನಿಂತಿದ್ದ ದುಗ್ಗಮ್ಮ, ಗಂಡ ಜಟ್ಟಿಯ ಬೆನ್ನನ್ನೇ ನೋಡುತ್ತ ಅಂಗಳದಲ್ಲಿ ನಿಂತುಬಿಟ್ಟದ್ದನ್ನು ಕಂಡು, “ಎಂತ ಮಾಡಿದ್ರಿ?” ಎಂದು ಕೇಳಿದಳು. ಅವನು ಒಳಗೆ ನುಗ್ಗಿದ. ಗೋಡೆಗೆ ಸಿಕ್ಕಿಸಿದ್ದ ಬೈರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೊಡತಿ, ಬಾಚಿ ಎತ್ತಿಕೊಂಡು, ಕೋಡಿಯ ಕಡೆಗೆ ಓಡಿದ.

ಮಂಜಿ ಹಿಂದಿನ ಸಂಜೆಯೇ ಅಳಿವೆ ದಾಟಿ, ಹೊರಗೆ ಲಂಗರು ಹಾಕಿ ಗಾಳಿಗೆ ಕಾಯುತ್ತಿತ್ತು. ಮಾಬ್ಲ ಮೀನುಗಾರರ ಸಣ್ಣ ದೋಣಿಯೊಂದನ್ನು ನೂಕಿ, ತೆರೆಗಳನ್ನು ಹಾಯ್ದು, ಹಗ್ಗ ಹಿಡಿದು ಹಡಗೇರಿದ. ಎಲ್ಲರೆದುರಿಗೆ ಪಾವಲನ ಮುಂದೆ ನಿಂತು, “ಅಡಿಮರದ ಪಕ್ಕ ತೂತು ಇತ್ತ್. ಕೊರೆದದ್ದು ನಾನೇ,” ಎಂದ. ಪಾವಲನಿಗೆ ಅಷ್ಟು ಹೊತ್ತಿಗೆ ಕನ್ನಡ ತಿಳಿಯುತ್ತಿತ್ತು. ಅವನ ಮುಖ ಸುಣ್ಣದಂತಾಯಿತು. ಮಾಬ್ಲನ ಕೆನ್ನೆಗೆ ಬೀಸಿ ಹೊಡೆದ. ಹಲಗೆಗಳ ಮೇಲೆ ಬಿದ್ದವನನ್ನು ರಟ್ಟೆ ಹಿಡಿದು ಎಬ್ಬಿಸಿ, ಹಾಗೇ ಎಳೆದುಕೊಂಡು ಅಡಿಗೆ ಇಳಿದ. ಹಡಗಿನ ಆಳುಗಳಾದ ಖಾರ್ವಿಗಳು ಮೂಟೆ ಎತ್ತೆತ್ತಿ ಒಗೆದರು. ಕೆಳಸಾಲಿನ ಅಕ್ಕಿ ಆಗಲೇ ನೆನೆದು ಉಬ್ಬಿತ್ತು. ಮೇಣ ಬಿಟ್ಟಿತ್ತು, ಕಡಲು ಕಿರುಬೆರಳ ಗಾತ್ರದ ಬುಗ್ಗೆಯಾಗಿ ಒಳಗೆ ಚಿಮ್ಮುತ್ತಿತ್ತು. ಮಾಬ್ಲ ಬೋರಲು ಬಿದ್ದು ಅಂಗೈಯಿಂದ ತೂತು ಮುಚ್ಚಿ ಹಿಡಿದ. ಬಿಗಿಯುವುದಕ್ಕೆ ಒಣಗಿದ ಗಟ್ಟಿ ಮರ ಬೇಕು. ಪಾವಲ ಸುತ್ತ ನೋಡಿ, ಅವನ ಸೊಂಟದ ಬೈರಿಗೆಯನ್ನೇ ಕಿತ್ತು, ಅದರ ಹಿಡಿಯನ್ನು ಮುರಿದು, ಬಾಚಿಯಿಂದ ಕೆತ್ತಿ ಮೊನೆ ಮಾಡಿ, ನಾರು ಸುತ್ತಿ ಮಾಬ್ಲನ ಕೈಗೆ ಕೊಟ್ಟ. “ನೀನು ಹೊಡಿ,” ಎಂದ. ಮಾಬ್ಲ ಕೊಡತಿಯಿಂದ ಹೊಡೆದ. ಬುಗ್ಗೆ ನಿಂತಿತು.

ಖಾರ್ವಿಗಳು ನೀರು ಮೊಗೆದು ಚೆಲ್ಲುತ್ತಿರುವಾಗ ಇಬ್ಬರೂ ಒದ್ದೆ ಮೂಟೆಗಳ ಮೇಲೆ ಕುಳಿತರು. ಅಲ್ಲಿ ಪಾವಲ ಯಾರಿಗೂ ಹೇಳದಿದ್ದುದನ್ನು ಹೇಳಿದನಂತೆ. ಶತ್ರುವಿನ ಹಡಗುಗಳು ಅವರ ಬಂದರಿಗೆ ನುಗ್ಗಿ ಬರುವಾಗ, ದಾರಿ ಕಟ್ಟುವುದಕ್ಕಾಗಿ, ತಮ್ಮ ಹಡಗುಗಳನ್ನು ತಾವೇ ಬಂದರಿನ ಬಾಯಲ್ಲಿ ಮುಳುಗಿಸಬೇಕೆಂದು ಅಪ್ಪಣೆಯಾಯಿತು. “ಎಲ್ಲಿ ಕೊರೆದರೆ ಬೇಗ ಮುಳುಗುತ್ತದೆ, ತೋರಿಸು ಎಂದರು. ತೋರಿಸಿದೆ. ಎಲ್ಲ ಮುಳುಗಿತು. ನಾನು ಕಟ್ಟಿದ್ದೊಂದು ಮುಳುಗಲಿಲ್ಲ. ಎಷ್ಟು ಕೊರೆದರೂ ಇಲ್ಲ. ಬೆಳಗಾದರೂ ನಿಂತೇ ಇತ್ತು. ಕೊನೆಗೆ ಫಿರಂಗಿ ಹೊಡೆದರು,” ಎಂದ. “ನನಗೆ ಹೆಮ್ಮೆ ಆಯಿತು. ಆಮೇಲೆ ಆ ಊರಲ್ಲಿ ಇರಲು ಆಗಲಿಲ್ಲ,” ಎಂದ. ಮಾಬ್ಲ ಅವನ ಕಾಲು ಮುಟ್ಟಿ ನಮಸ್ಕರಿಸಿದ. ಪಶ್ಚಾತ್ತಾಪದಿಂದ ಅವನ ಮನಸ್ಸು ತೊಳೆದು ಶುಭ್ರವಾಯಿತೆಂದು ಕಥೆ ಮುಗಿಸಿದರೆ ಕೇಳಲು ಹಿತ. ಆಚಾರಿಕೇರಿಯವರು ಹಾಗೆ ಮುಗಿಸುವುದಿಲ್ಲ. ಕೊರೆದರೂ ಮುಳುಗದ ಹಡಗಿನ ಮಾತು ಕೇಳಿದಾಗ, ಆ ಒದ್ದೆ ಮೂಟೆಯ ಮೇಲೆಯೇ, ಮಾಬ್ಲನಿಗೆ ಮತ್ತೊಮ್ಮೆ ಹೊಟ್ಟೆಕಿಚ್ಚಾಯಿತು ಎನ್ನುತ್ತಾರೆ.

ವೆಂಕಟಲಕ್ಷ್ಮಿ ಗಾಳಿ ಹಿಡಿದು ಹೊರಟಿತು. ಬೈರಿಗೆಯ ಹಿಡಿ ಅದರ ಹೊಟ್ಟೆಯಲ್ಲೇ ಉಳಿದು ಎಷ್ಟೋ ಸಲ ಮಸ್ಕತ್ತು ಕಂಡಿತು. ಪಾವಲ ಮರಳಿ ಬರಲಿಲ್ಲ. ಯಾವುದೋ ಅರಬ್ಬಿ ಬಂದರಿನಲ್ಲಿ ದೋಣಿ ಕಟ್ಟುತ್ತ ಮುದುಕನಾದನೆಂದು ಜಟ್ಟಿ ಹೇಳುತ್ತಿದ್ದ. ಅಂದು ಮಾಬ್ಲ ಹಿಡಿಯಿಲ್ಲದ ಕಬ್ಬಿಣದೊಂದಿಗೆ ದಡಕ್ಕೆ ಬಂದು, ಕೋಡಿಯ ತುದಿಯ ಕಲ್ಲಿನ ಬಿರುಕಿಗೆ ಅದನ್ನು ನೆಟ್ಟು, ಬೀಳ್ಕೊಡಲು ನೆರೆದಿದ್ದ ಊರಿಗೆ ನಡೆದದ್ದನ್ನು ತಾನೇ ಹೇಳಿದ. ಪಡಿಯಾರರು ಬಹಳ ಕಾಲ ಅವನ ಮುಖ ನೋಡಲಿಲ್ಲ. ದುಗ್ಗಮ್ಮ ಮಾತ್ರ ಅನ್ನ ಬಡಿಸಿ, ಅವನು ಉಂಡು ಮುಗಿಸುವವರೆಗೂ ಎದುರಿಗೇ ಕುಳಿತಿದ್ದಳು. ಮುಂದೆ ಮತ್ತೊಂದು ಮಂಜಿ ಕಟ್ಟುವ ಕೆಲಸ ಸಿಕ್ಕಾಗ, ಅದನ್ನು ನೀರಿಗೆಳೆಯುವ ಮುಂಚಿನ ದಿನ ಮಾಬ್ಲ ಕೊಟ್ಟಿಗೆಯ ಬೈರಿಗೆಗಳನ್ನೆಲ್ಲ ಒಟ್ಟುಮಾಡಿ, ಯಾರ ಕೈಗೂ, ಮೊದಲು ತನ್ನ ಕೈಗೆ, ಸಿಗದಿರಲೆಂದು ಆ ಕಲ್ಲಿನ ಮೇಲೆ ತಂದಿಟ್ಟ.

ಆ ಕಬ್ಬಿಣ ಉಪ್ಪುಗಾಳಿಗೆ ತುಕ್ಕು ಹಿಡಿದು ಎಂದೋ ಉದುರಿಹೋಗಿದೆ. ಹಡಗು ಕಟ್ಟುವುದು ನಿಂತರೂ ದೋಣಿ ಕಟ್ಟುವುದು ನಿಂತಿಲ್ಲ. ಹೊಸ ದೋಣಿ ಇಳಿಸುವ ಮುಂಚಿನ ದಿನ ಕೋಡಿಗೆ ಹೋದವರು ಈಗಲೂ ನೋಡಬಹುದು: ಕಲ್ಲಿನ ಮೇಲೆ ಹರಡಿದ ಕೆಂಪು ಬಟ್ಟೆ, ಅದರ ಮೇಲೆ ಹಳೆಯ ಬೈರಿಗೆಗಳು, ಪಕ್ಕದಲ್ಲಿ ವಯರು ಸುತ್ತಿಟ್ಟ ಕರೆಂಟಿನ ಡ್ರಿಲ್ಲಿಂಗ್ ಮೆಷಿನ್ನು, ಎಲ್ಲಕ್ಕೂ ಒಂದೊಂದು ಕುಂಕುಮದ ಬೊಟ್ಟು. ಇಡುವ ಮೊದಲು ಕೆಲಸಗಾರರು ತಮ್ಮ ತಮ್ಮ ಬೈರಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಸಾಲಾಗಿ ಕಾಯುತ್ತಾರೆ. ಯಜಮಾನ ಆಚಾರಿ ತನ್ನದನ್ನು ಇಡುವವರೆಗೆ ಬೇರೆ ಯಾರೂ ಇಡುವಂತಿಲ್ಲ.